ಊಟ ಬಿಟ್ಟವರ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಏನ್ ಮಾಡ್ತಿರುತ್ತೆ?

ಊಟ ಕಮ್ಮಿ ಮಾಡ್ತಾ ಮಾಡ್ತಾ ಕೊನೆಗೆ ಅರ್ಧ ಚಪಾತಿಗೆ ಬಂದು ನಿಂತಿರೋ ಹದಿನಾರು ಹದಿನೇಳರ ಹುಡುಗೀನ ನಮ್ಮಲ್ಲಿ ಮನೆಯವರು ಮೊದಲು ಕರ್ಕೊಂಡು ಹೋಗೋದು ಹೊಟ್ಟೆ ಡಾಕ್ಟರ್ ಹತ್ರ. ಅವಳು ಹೇಳೋದೇ ಹಾಗಿರುತ್ತೆ. "ಎರಡು ತುತ್ತು ತಿನ್ನೇ ಪುಟ್ಟಿ" ಅಂದ್ರೆ "ಆಗಲ್ಲಮ್ಮ, ಹೊಟ್ಟೆ ಉಬ್ಬರಿಸುತ್ತೆ, ತಿಂದಿದ್ದೆಲ್ಲ ಇಲ್ಲೇ ನಿಂತಿರುತ್ತೆ" ಅಂತ ಎದೆ ಕೆಳಗೆ ಕೈ ಇಟ್ಟು ತೋರಿಸ್ತಾಳೆ. ಸ್ಕ್ಯಾನಿಂಗ್ ಆಗುತ್ತೆ, ಎಂಡೋಸ್ಕೋಪಿ ಆಗುತ್ತೆ, ಎಲ್ಲಾ ನಾರ್ಮಲ್. ಗ್ಯಾಸ್ ಮಾತ್ರೆ ಜೊತೆಗೆ ಪ್ರೋಬಯಾಟಿಕ್ ಸ್ಯಾಶೆ, ಅಂದ್ರೆ ಒಳ್ಳೇ ಬ್ಯಾಕ್ಟೀರಿಯಾ ಇರೋ ಪುಡಿ, ಬರ್ಕೊಡ್ತಾರೆ. ಅಷ್ಟೊತ್ತಿಗೆ ಅವಳ ಫೋನಲ್ಲಿ ರೀಲ್ಸ್ ಶುರುವಾಗಿರುತ್ತೆ, "ನಿಮ್ಮ ಗಟ್ (ಕರುಳು) ಸರಿ ಇಲ್ಲ, ಗೋಧಿ ಬಿಡಿ, ಹಾಲು ಬಿಡಿ, ಹದಿನಾರು ಗಂಟೆ ಉಪವಾಸ ಇರಿ" ಅಂತ. ಮೊದಲೇ ಬಿಡೋಕೆ ಕಾರಣ ಹುಡುಕ್ತಿರೋ ಹುಡುಗಿಗೆ ಇನ್ನೇನು ಬೇಕು.

ಈಗ ಹೊಸದಾಗಿ ಇನ್ನೊಂದು ಮಾತು ಓಡಾಡ್ತಿದೆ, ಅನೊರೆಕ್ಸಿಯಾ (ಊಟ ಬಿಟ್ಟು ಬಿಟ್ಟು ಅಪಾಯದ ಮಟ್ಟಕ್ಕೆ ತೂಕ ಇಳಿಯೋದು), ಬುಲಿಮಿಯಾ (ಮಿತಿಮೀರಿ ತಿಂದು ಆಮೇಲೆ ವಾಂತಿ ಥರದ ದಾರೀಲಿ ಹೊರಹಾಕೋದು), ಬಿಂಜ್ ಈಟಿಂಗ್ (ಕೈಮೀರಿ ಒಂದೇ ಸಲ ತುಂಬಾ ತಿನ್ನೋದು) ಇವೆಲ್ಲ ಮನಸ್ಸಿನ ಕಾಯಿಲೆ ಅಲ್ವೇ ಅಲ್ಲ, ಕರುಳಿನ ಬ್ಯಾಕ್ಟೀರಿಯಾ ಮಾಡಿಸೋ ಕೆಲಸ ಅಂತ. ಇದು ಪೂರ್ತಿ ಬೊಗಳೆ ಅಲ್ಲ, ಇದರ ಹಿಂದೆ ಹದಿನೈದು ವರ್ಷಕ್ಕೂ ಮೇಲ್ಪಟ್ಟು ನಡೆದಿರೋ ಗಟ್ಟಿ ಸಂಶೋಧನೆ ಇದೆ. ಆದರೆ ಆ ಸಂಶೋಧನೆ ಹೇಳ್ತಿರೋದು ಒಂದು, ರೀಲ್ಸ್ ಮಾರ್ತಿರೋದು ಇನ್ನೊಂದು. ಅನೊರೆಕ್ಸಿಯಾ ಅಂದ್ರೆ ಸುಮ್ನೆ ಸಣ್ಣ ಆಗೋ ಹುಚ್ಚು ಅಂತ ತಿಳ್ಕೊಂಡೋರಿಗೆ ಒಂದು ಮಾತು: ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯೋ ಕಾಯಿಲೆಗಳ ಸಾಲಲ್ಲಿ ಇದಿದೆ, ಹಸಿವಿಂದ ಹಾರ್ಟ್ ಕೈಕೊಟ್ಟು ಸಾಯೋರು ಇದಾರೆ, ಸತ್ತವರಲ್ಲಿ ಸುಮಾರು ಐದರಲ್ಲಿ ಒಬ್ಬರದ್ದು ಆತ್ಮಹತ್ಯೆ. ಹಾಗಾಗಿ ಇದರ ಬಗ್ಗೆ ತಪ್ಪು ತಿಳ್ಕೊಂಡು ಆರು ತಿಂಗಳು ಪ್ರೋಬಯಾಟಿಕ್ ಕುಡೀತಾ ಕೂರೋದು ಸಣ್ಣ ವಿಷಯ ಅಲ್ಲ.

ಮೊದಲು ಒಂದೆರಡು ಲೆಕ್ಕ ಸರಿ ಮಾಡ್ಕೊಳ್ಳೋಣ. ನಮ್ಮ ದೇಹದ ಜೀವಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾ ಇದೆ, ಅದರ ತೂಕಾನೇ ಎರಡು ಕೆಜಿ ಅಂತೆಲ್ಲ ಇವತ್ತಿಗೂ ಹೇಳ್ತಿರ್ತಾರೆ. 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಕೂತು ಸರಿಯಾಗಿ ಲೆಕ್ಕ ಹಾಕಿದಾಗ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ, ನಮ್ಮ ಜೀವಕೋಶ ಸುಮಾರು 30 ಲಕ್ಷ ಕೋಟಿ, ಹೆಚ್ಚು ಕಮ್ಮಿ ಸಮ ಸಮ, ತೂಕ 200 ಗ್ರಾಂ ಆಸುಪಾಸು ಅಂತ ಬಂತು. ಎಷ್ಟಿದ್ರೂ ಇವುಗಳ ಕೆಲಸ ಮಾತ್ರ ಕಮ್ಮಿ ಏನಲ್ಲ. ನಮಗೆ ಜೀರ್ಣ ಆಗದೇ ಇರೋ ನಾರಿನಂಶ ದೊಡ್ಡ ಕರುಳಿಗೆ ಬಂದಾಗ ಇವು ಅದನ್ನ ಹುಳಿಯಿಸಿ ಬ್ಯುಟಿರೇಟ್, ಪ್ರೊಪಿಯೊನೇಟ್ ಥರದ ಸಣ್ಣ ಆಮ್ಲಗಳನ್ನ ಮಾಡ್ತವೆ, ಆ ಆಮ್ಲ ಕರುಳಿನ ಗೋಡೆಯ ಕೆಲವು ಕೋಶಗಳನ್ನ ತಟ್ಟಿದ್ರೆ ಅಲ್ಲಿಂದ ಪಿವೈವೈ, ಜಿಎಲ್‌ಪಿ-1 ಅನ್ನೋ ಹಾರ್ಮೋನ್ ಹೊರಡುತ್ತೆ, "ಸಾಕು, ಹೊಟ್ಟೆ ತುಂಬ್ತು" ಅನ್ನೋ ಸುದ್ದಿ ರಕ್ತದಲ್ಲೂ ಹೋಗುತ್ತೆ, ವೇಗಸ್ ನರದ ಮೂಲಕ ನೇರವಾಗಿ ಮೆದುಳಿಗೂ ಹೋಗುತ್ತೆ. ಈಗ ಊರೆಲ್ಲ ಮಾತಾಡ್ತಿರೋ ತೂಕ ಇಳಿಸೋ ಇಂಜೆಕ್ಷನ್ ಅನುಕರಿಸೋದು ಇದೇ ಜಿಎಲ್‌ಪಿ-1 ಅನ್ನ. ಅಂದ್ಮೇಲೆ ಹಸಿವಿನ ವಿಷಯದಲ್ಲಿ ಬ್ಯಾಕ್ಟೀರಿಯಾಗೆ ಒಂದು ಮಾತು ಇದ್ದೇ ಇದೆ.

ಇಲ್ಲೇ ಇನ್ನೊಂದು ಹೇಳ್ಬಿಡ್ತೀನಿ. ಮನಸ್ಸಿನ ಸ್ಥಿತಿಗೂ ನಂಟಿರೋ ಸಿರೊಟೋನಿನ್ ಅನ್ನೋ ರಾಸಾಯನಿಕದ ಬಗ್ಗೆ "ಸಿರೊಟೋನಿನ್ 90 ಪರ್ಸೆಂಟ್ ಹೊಟ್ಟೇಲೇ ತಯಾರಾಗುತ್ತೆ, ಆದ್ದರಿಂದ ಹೊಟ್ಟೆ ಸರಿ ಇದ್ರೆ ಮನಸ್ಸು ಸರಿ" ಅಂತ ಹೇಳ್ತಾರಲ್ಲ, ಮೊದಲರ್ಧ ನಿಜ. ಆದರೆ ಕರುಳಲ್ಲಿ ತಯಾರಾದ ಸಿರೊಟೋನಿನ್ ರಕ್ತದಿಂದ ಮೆದುಳಿನೊಳಗೆ ದಾಟಲ್ಲ, ಅದು ಕರುಳನ್ನ ಆಡಿಸೋ ಕೆಲಸಕ್ಕೆ ಇರೋದು. ಮೆದುಳು ತನಗೆ ಬೇಕಾಗಿದ್ದನ್ನ ತಾನೇ ಮಾಡ್ಕೊಳ್ಳುತ್ತೆ.

ಬ್ಯಾಕ್ಟೀರಿಯಾ ಕಡೆಯವರ ವಾದದಲ್ಲಿ ನನಗೆ ಅತ್ಯಂತ ಸ್ವಾರಸ್ಯ ಅನ್ಸಿದ್ದು ಫ್ರಾನ್ಸಿನ ರುವಾನ್ ವಿಶ್ವವಿದ್ಯಾಲಯದ್ದು. ನಮ್ಮ ಮೆದುಳಲ್ಲಿ ಆಲ್ಫಾ-ಎಂಎಸ್‌ಎಚ್ ಅಂತ ಒಂದು ಹಾರ್ಮೋನ್ ಇದೆ, ಅದರ ಕೆಲಸ ಹಸಿವನ್ನ ಅಡಗಿಸೋದು. ನಮ್ಮೆಲ್ಲರ ಕರುಳಲ್ಲೂ ಇರೋ ಇ ಕೋಲಿ ಬ್ಯಾಕ್ಟೀರಿಯಾ ಸಿಎಲ್‌ಪಿಬಿ ಅಂತ ಒಂದು ಪ್ರೋಟೀನ್ ಮಾಡುತ್ತೆ, ಅದರ ಒಂದು ತುಣುಕು ನೋಡೋಕೆ ಈ ಹಾರ್ಮೋನ್ ಥರಾನೇ ಇದೆ. ನಮ್ಮ ರೋಗನಿರೋಧಕ ವ್ಯವಸ್ಥೆ ಆ ಬ್ಯಾಕ್ಟೀರಿಯಾ ಪ್ರೋಟೀನ್ ವಿರುದ್ಧ ಆಂಟಿಬಾಡಿ ಮಾಡಿದ್ರೆ ಆ ಆಂಟಿಬಾಡಿ ಹೋಗಿ ಹಾರ್ಮೋನಿಗೂ ಅಂಟ್ಕೊಳ್ಳುತ್ತೆ, ಆಗ ಹಸಿವು-ತೃಪ್ತಿಯ ಲೆಕ್ಕ ಏರುಪೇರಾಗುತ್ತೆ. ಸೆರ್ಗೇಯ್ ಫೆಟಿಸೊವ್, ಪಿಯೇರ್ ಡೆಷೆಲೊಟ್ ಅವರ ತಂಡ 2014ರಲ್ಲಿ ಇದನ್ನ ಪ್ರಕಟಿಸ್ತು, ಅನೊರೆಕ್ಸಿಯಾ, ಬುಲಿಮಿಯಾ, ಬಿಂಜ್ ಮೂರೂ ಥರದ ರೋಗಿಗಳ ರಕ್ತದಲ್ಲಿ ಈ ಆಂಟಿಬಾಡಿ ನೋಡಿದ್ರು. ಆಮೇಲೆ ಏನಾಯ್ತು ಗೊತ್ತಾ, ಇದೇ ಸಿಎಲ್‌ಪಿಬಿ ಮಾಡೋ ಹಾಫ್ನಿಯಾ ಆಲ್ವೈ ಅನ್ನೋ ಬ್ಯಾಕ್ಟೀರಿಯಾನ ತೂಕ ಇಳಿಸೋಕೆ ಅಂತ ಪ್ರೋಬಯಾಟಿಕ್ ಮಾಡಿ ಯುರೋಪಲ್ಲಿ ಮಾರೋಕೆ ಶುರು ಮಾಡಿದ್ರು. ಊಟದ ಕಾಯಿಲೆಯ ಕಾರಣ ಹುಡುಕೋಕೆ ಹೊರಟ ವಿಜ್ಞಾನ ಸಣ್ಣ ಆಗೋ ಮಾತ್ರೆ ಆಗಿ ಹೊರಗೆ ಬಂತು, ಸಣ್ಣ ಆಗ್ಬೇಕು ಅಂತ ಒದ್ದಾಡ್ತಿರೋ ಜಗತ್ತಲ್ಲಿ ಬೇರೆ ಏನು ಆಗ್ಬೇಕಿತ್ತು ಹೇಳಿ.

ಇನ್ನು ರೋಗಿಗಳ ಮಲ ಪರೀಕ್ಷೆ ಮಾಡಿ ಹುಡುಕಿದವರ ಕಥೆ. 2009ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಒಂಬತ್ತೇ ಒಂಬತ್ತು ಅನೊರೆಕ್ಸಿಯಾ ರೋಗಿಗಳನ್ನ ನೋಡಿದಾಗ ಮೆಥನೋಬ್ರೆವಿಬ್ಯಾಕ್ಟರ್ ಸ್ಮಿತಿ ಅನ್ನೋ ಸೂಕ್ಷ್ಮಜೀವಿ ಜಾಸ್ತಿ ಇರೋದು ಕಾಣ್ತು. ಇದು ಬ್ಯಾಕ್ಟೀರಿಯಾನೂ ಅಲ್ಲ, ಆರ್ಕಿಯಾ ಅನ್ನೋ ಬೇರೆ ಕುಲ, ಬೇರೆ ಬ್ಯಾಕ್ಟೀರಿಯಾ ಬಿಡೋ ಹೈಡ್ರೋಜನ್ ತಗೊಂಡು ಮೀಥೇನ್ ಮಾಡುತ್ತೆ. ಹೀಗೆ ಹೈಡ್ರೋಜನ್ ಖಾಲಿ ಮಾಡೋದ್ರಿಂದ ಉಳಿದವಕ್ಕೆ ಇನ್ನಷ್ಟು ಹುಳಿಯಿಸೋಕೆ ಅನುಕೂಲ, ಸಿಕ್ಕಿದ್ದ ಸ್ವಲ್ಪದ್ರಲ್ಲೇ ಕೊನೇ ಕ್ಯಾಲೊರಿವರೆಗೂ ಹಿಂಡ್ಕೊಳ್ಳೋ ವ್ಯವಸ್ಥೆ. ಜೊತೆಗೆ ಮೀಥೇನ್ ಕರುಳಿನ ಚಲನೆಯನ್ನ ನಿಧಾನ ಮಾಡುತ್ತೆ, ಮಲಬದ್ಧತೆಗೂ ಇದಕ್ಕೂ ನಂಟಿರೋದು ಬೇರೆ ಅಧ್ಯಯನಗಳಿಂದ ಗೊತ್ತಿದೆ. ಬ್ಯುಟಿರೇಟ್ ಮಾಡೋ ರೋಸ್‌ಬ್ಯೂರಿಯಾ ಕಮ್ಮಿ ಇರೋದು ಕೂಡ ಮತ್ತೆ ಮತ್ತೆ ಸಿಕ್ಕಿದೆ. 2015ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರು 16 ರೋಗಿಗಳನ್ನ ಆಸ್ಪತ್ರೆಗೆ ಸೇರಿದಾಗ, ಅವರಲ್ಲಿ 10 ಜನರನ್ನ ಡಿಸ್‌ಚಾರ್ಜ್ ಆಗೋವಾಗ ಇನ್ನೊಮ್ಮೆ ನೋಡಿದ್ರು, ಬ್ಯಾಕ್ಟೀರಿಯಾ ವೈವಿಧ್ಯ ಮೊದಲು ತುಂಬಾ ಕಮ್ಮಿ ಇತ್ತು, ತೂಕ ಬಂದ್ಮೇಲೆ ಸ್ವಲ್ಪ ಸುಧಾರಿಸ್ತು, ಆದ್ರೂ ಆರೋಗ್ಯವಂತರ ಮಟ್ಟಕ್ಕೆ ಬರ್ಲಿಲ್ಲ. ಮರುವರ್ಷ ಜರ್ಮನಿಯ ಟ್ಯೂಬಿಂಗನ್‌ನಲ್ಲಿ 55 ಜನರನ್ನ ನೋಡಿದಾಗಲೂ ಹೆಚ್ಚುಕಮ್ಮಿ ಅದೇ, ತೂಕ ಏರಿದ್ರೂ ಬ್ಯಾಕ್ಟೀರಿಯಾ ಸರಿಹೋಗಿರ್ಲಿಲ್ಲ, ಹೊಟ್ಟೆ ತೊಂದರೆಗಳೂ ಪೂರ್ತಿ ಹೋಗಿರ್ಲಿಲ್ಲ. ಈ ಕೊನೇ ಮಾತು ನೆನಪಿಟ್ಕೊಳ್ಳಿ, ಚಿಕಿತ್ಸೆಯ ವಿಷಯ ಬಂದಾಗ ಬೇಕಾಗುತ್ತೆ.

ಸರಿ, ಬ್ಯಾಕ್ಟೀರಿಯಾ ಬೇರೆ ಥರ ಇದೆ. ಅದು ಬೇರೆ ಥರ ಇದ್ದಿದ್ರಿಂದ ಊಟ ಬಿಟ್ರಾ, ಊಟ ಬಿಟ್ಟಿದ್ರಿಂದ ಅದು ಬೇರೆ ಥರ ಆಯ್ತಾ? ಆರು ತಿಂಗಳು ಸೌತೆಕಾಯಿ, ಬ್ಲ್ಯಾಕ್ ಕಾಫಿ, ಎರಡು ಬಿಸ್ಕೆಟ್ ಮೇಲೆ ಬದುಕಿರೋ ಯಾರ ಕರುಳನ್ನ ನೋಡಿದ್ರೂ ಅಲ್ಲಿ ಎಲ್ಲಾ ನೆಟ್ಟಗಿರೋಕೆ ಸಾಧ್ಯ ಇಲ್ವಲ್ಲ. ಮಲ ಪರೀಕ್ಷೆ ಮಾಡೋ ಹೊತ್ತಿಗೆ ರೋಗಿ ಆಗ್ಲೇ ಆಸ್ಪತ್ರೇಲಿ ಇರ್ತಾಳೆ, ಕಾಯಿಲೆ ಶುರುವಾಗೋಕೆ ಮುಂಚೆ ಅವಳ ಕರುಳಲ್ಲಿ ಏನಿತ್ತು ಅಂತ ಯಾರ ಹತ್ರಾನೂ ಸ್ಯಾಂಪಲ್ ಇರಲ್ಲ.

ಹಸಿವು ಒಂದೇ ಮನುಷ್ಯನನ್ನ ಎಷ್ಟು ಬದಲಾಯಿಸುತ್ತೆ ಅಂತ ತಿಳ್ಕೋಬೇಕು ಅಂದ್ರೆ ಮಿನೆಸೊಟಾ ಪ್ರಯೋಗ ನೋಡ್ಬೇಕು. ಎರಡನೇ ಮಹಾಯುದ್ಧದ ಕೊನೇಲಿ, 1944ರಿಂದ 45ರವರೆಗೆ, ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ ಯುದ್ಧಕ್ಕೆ ಹೋಗಲ್ಲ ಅಂದಿದ್ದ 36 ಜನ ಗಟ್ಟಿಮುಟ್ಟು ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ರು. ಇವರಲ್ಲಿ ಯಾರಿಗೂ ದಪ್ಪ ಆಗೋ ಭಯ ಇರ್ಲಿಲ್ಲ, ಮಾನಸಿಕವಾಗಿ ಚೆನ್ನಾಗಿದ್ದಾರೆ ಅಂತ ನೋಡೇ ಆರಿಸಿದ್ದು. ಕೆಲವೇ ತಿಂಗಳಲ್ಲಿ ಅವರು ಅಡುಗೆ ಪುಸ್ತಕ ಓದೋಕೆ, ರೆಸಿಪಿ ಕೂಡಿಡೋಕೆ ಶುರು ಮಾಡಿದ್ರು, ಒಂದು ತಟ್ಟೆ ಊಟಾನ ಸಣ್ಣ ಸಣ್ಣ ಚೂರು ಮಾಡಿ ಗಂಟೆಗಟ್ಟಲೆ ಎಳೆದ್ರು, ತಟ್ಟೆ ನೆಕ್ಕಿದ್ರು, ಮಂಕಾದ್ರು, ಸಿಡುಕಿದ್ರು, ಜನರಿಂದ ದೂರ ಆದ್ರು. ಮತ್ತೆ ಹೊಟ್ಟೆ ತುಂಬ ಕೊಡೋಕೆ ಶುರು ಮಾಡಿದ್ಮೇಲೆ ಕೆಲವರಿಗೆ ಎಷ್ಟು ತಿಂದ್ರೂ ನಿಲ್ಲಿಸೋಕೆ ಆಗ್ತಿರ್ಲಿಲ್ಲ. ಇವತ್ತು ಅನೊರೆಕ್ಸಿಯಾ ವಾರ್ಡಲ್ಲಿ ನೋಡೋ ಎಷ್ಟೋ ವರ್ತನೆ ಇಲ್ಲೇ ಸಿಗುತ್ತೆ, ಬರೀ ಹಸಿವಿಂದ.

ಹಾಗಾದ್ರೆ ಕಾರಣ ಯಾವುದು, ಪರಿಣಾಮ ಯಾವುದು ಅಂತ ಬಿಡಿಸೋಕೆ ವಿಜ್ಞಾನಿಗಳು ಇಲಿ ಹಿಡ್ಕೊಂಡ್ರು. ಹುಟ್ಟಿದಾಗಿಂದ ಒಂದೂ ಸೂಕ್ಷ್ಮಜೀವಿ ಸೋಕದ ಹಾಗೆ ಪ್ಲಾಸ್ಟಿಕ್ ಗೂಡಲ್ಲಿ, ಸೋಸಿದ ಗಾಳಿ, ಕ್ರಿಮಿರಹಿತ ಮಾಡಿದ ಮೇವು ಕೊಟ್ಟು ಸಾಕಿರೋ ಇಲಿಗಳಿರ್ತವೆ. 2023ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಒಲುಫ್ ಪೆಡರ್ಸನ್ ತಂಡ ಅನೊರೆಕ್ಸಿಯಾ ಇರೋ 77 ಹೆಣ್ಣುಮಕ್ಕಳನ್ನ, ಇಲ್ಲದ 70 ಜನರನ್ನ ಹೋಲಿಸಿ ನೋಡಿ, ಆಮೇಲೆ ರೋಗಿಗಳ ಮಲದ ಬ್ಯಾಕ್ಟೀರಿಯಾನ ಇಂಥ ಕೆಲವು ಇಲಿಗಳಿಗೆ, ಆರೋಗ್ಯವಂತರದ್ದನ್ನ ಇನ್ನು ಕೆಲವಕ್ಕೆ ಕೊಟ್ಟು, ಎರಡೂ ಗುಂಪಿಗೂ ಮೇವು ಕಮ್ಮಿ ಮಾಡಿದ್ರು. ರೋಗಿಗಳ ಬ್ಯಾಕ್ಟೀರಿಯಾ ಹೋಗಿದ್ದ ಇಲಿಗಳ ತೂಕ ಶುರುವಲ್ಲಿ ಜಾಸ್ತಿ ಇಳೀತು, ಆಮೇಲೆ ಏರೋದೂ ನಿಧಾನ ಆಯ್ತು, ಮೆದುಳಿನ ಹೈಪೊಥಲಾಮಸಲ್ಲಿ ಹಸಿವು ಅಡಗಿಸೋ ಜೀನುಗಳು ಚುರುಕಾಗಿದ್ವು. ಪೇಪರಲ್ಲೆಲ್ಲ ದೊಡ್ಡ ಸುದ್ದಿ ಆಯ್ತು. ಅದಕ್ಕೆ ಮುಂಚೆ 2019ರಲ್ಲಿ ಜಪಾನಿನಲ್ಲೂ ಇದೇ ಥರ ಮಾಡಿದಾಗ ಇಲಿಗಳ ತೂಕ ಸರಿಯಾಗಿ ಏರ್ಲಿಲ್ಲ, ಆತಂಕದ ವರ್ತನೆ ಜಾಸ್ತಿ ಆಯ್ತು. ಆದರೆ 2021ರಲ್ಲಿ ನಾರ್ತ್ ಕೆರೊಲಿನಾದವರು ಅದೇ ಕೆಲಸ ಮಾಡಿದಾಗ ಇಲಿಗಳ ತೂಕದಲ್ಲಿ ಯಾವ ವ್ಯತ್ಯಾಸಾನೂ ಬರ್ಲಿಲ್ಲ. ಆ ಸುದ್ದಿ ಯಾವ ರೀಲ್ಸಲ್ಲೂ ಬಂದಿಲ್ಲ ಬಿಡಿ.

ಕೋಪನ್‌ಹೇಗನ್ ಪ್ರಯೋಗದಲ್ಲಿ ಗಮನಿಸಬೇಕಾದ್ದು ಇದು: ಇಲಿಗಳು ತಾವಾಗೇ ಊಟ ಬಿಡ್ಲಿಲ್ಲ, ಮೇವು ಕಮ್ಮಿ ಮಾಡಿದ್ದು ಮನುಷ್ಯರು. ಕಮ್ಮಿ ಆದ್ಮೇಲೆ ಬ್ಯಾಕ್ಟೀರಿಯಾ ತನ್ನ ಕೈಚಳಕ ತೋರಿಸ್ತು. ನನ್ನ ಪ್ರಕಾರ ಇಡೀ ಕಥೆಯ ತಿರುಳು ಇಲ್ಲೇ ಇದೆ. ಬೆಂಕಿ ಹಚ್ಚೋದು ಬೇರೆ ಯಾವುದೋ, ಡಯಟ್ ಇರ್ಬಹುದು, ಯಾರೋ ಆಡಿದ ಮಾತಿರ್ಬಹುದು, ಜ್ವರ ಬಂದು ತೂಕ ಇಳಿದಿದ್ದಿರ್ಬಹುದು, ಮನೆತನದ ಜೀನ್ ಇರ್ಬಹುದು. ಬ್ಯಾಕ್ಟೀರಿಯಾ ಆಮೇಲೆ ಬಂದು ಗಾಳಿ ಹಾಕುತ್ತೆ. ಜೀನ್ ಅಂದೆ ನೋಡಿ, 2019ರಲ್ಲಿ ಸುಮಾರು 17,000 ಅನೊರೆಕ್ಸಿಯಾ ರೋಗಿಗಳ ಡಿಎನ್‌ಎ ನೋಡಿದ ದೊಡ್ಡ ಅಧ್ಯಯನದಲ್ಲಿ ಈ ಕಾಯಿಲೆಗೆ ನಂಟಿರೋ ಎಂಟು ಜಾಗ ಸಿಕ್ತು, ಅದರಲ್ಲಿ ಒಸಿಡಿ (ಗೀಳು ಕಾಯಿಲೆ), ಖಿನ್ನತೆ ಜೊತೆ ನಂಟಿದ್ದ ಹಾಗೇ ಸಕ್ಕರೆ-ಕೊಬ್ಬು ಬಳಕೆಯ ಮೆಟಬಾಲಿಸಂ ಜೊತೆಗೂ ನಂಟಿತ್ತು. ದೇಹ ಮನಸ್ಸು ಎರಡೂ ಸೇರಿದ ಕಾಯಿಲೆ, ಯಾವುದೋ ಒಂದರ ಮೇಲೆ ಎತ್ತಿಹಾಕೋಕೆ ಬರಲ್ಲ.

ಬಿಂಜ್ ಕಡೆಗೆ ಬಂದ್ರೆ ಕೆಲಸ ಇನ್ನೂ ಇಲಿ ಮಟ್ಟದಲ್ಲೇ ಜಾಸ್ತಿ. ಕ್ಯಾಲಿಫೋರ್ನಿಯಾದ ಕಾಲ್‌ಟೆಕ್‌ನಲ್ಲಿ ಸರ್ಕಿಸ್ ಮಜ್ಮಾನಿಯನ್ ತಂಡ ಇಲಿಗಳಿಗೆ ಆಂಟಿಬಯಾಟಿಕ್ ಕೊಟ್ಟು ಕರುಳನ್ನ ಖಾಲಿ ಮಾಡಿಸಿ ಮುಂದೆ ಸಿಹಿ ಗುಳಿಗೆ ಇಟ್ರೆ ಎರಡು ಗಂಟೇಲಿ ಬೇರೆ ಇಲಿಗಳಿಗಿಂತ 50 ಪರ್ಸೆಂಟ್ ಜಾಸ್ತಿ ತಿಂದ್ವು, ಬ್ಯಾಕ್ಟೀರಿಯಾ ವಾಪಸ್ ಕೊಟ್ರೆ ಸರಿಹೋದ್ವು. ಮಾಮೂಲಿ ಮೇವಿನ ವಿಷಯದಲ್ಲಿ ಹಾಗಾಗ್ಲಿಲ್ಲ, ಸಿಹಿ ಕಂಡ್ರೆ ಮಾತ್ರ. ಮನುಷ್ಯರಲ್ಲಿ ಇದಕ್ಕೆ ಹತ್ತಿರದ್ದು ಅಂದ್ರೆ ಡೆನ್ಮಾರ್ಕಿನ ದಾಖಲೆ, 1989ರಿಂದ 2006ರವರೆಗೆ ಹುಟ್ಟಿದ ಐದು ಲಕ್ಷಕ್ಕೂ ಹೆಚ್ಚು ಹುಡುಗಿಯರನ್ನ ನೋಡಿದಾಗ ಆಸ್ಪತ್ರೆ ಸೇರೋ ಮಟ್ಟದ ಸೋಂಕು ಆದವರಲ್ಲಿ ಅನೊರೆಕ್ಸಿಯಾ ಬರೋ ಸಾಧ್ಯತೆ 22 ಪರ್ಸೆಂಟ್ ಜಾಸ್ತಿ ಇತ್ತು, ಬುಲಿಮಿಯಾ 35, ಸೋಂಕು ಆದ ಮೊದಲ ಮೂರು ತಿಂಗಳಲ್ಲಿ ಅಪಾಯ ಇನ್ನೂ ಹೆಚ್ಚು. ಆಂಟಿಬಯಾಟಿಕ್ ತಗೊಂಡವರಲ್ಲೂ ಹಾಗೇ. ಆದರೆ ಕಾರಣ ಆಂಟಿಬಯಾಟಿಕ್ಕಾ, ಸೋಂಕಾ, ಜ್ವರದಲ್ಲಿ ಊಟ ಸೇರದೇ ತೂಕ ಇಳಿದಿದ್ದಾ ಅಂತ ಈ ದಾಖಲೆಯಿಂದ ಬಿಡಿಸೋಕಾಗಲ್ಲ. ಡಾಕ್ಟ್ರು ಕೊಟ್ಟ ಆಂಟಿಬಯಾಟಿಕ್ ಕೋರ್ಸ್ ಅರ್ಧಕ್ಕೆ ಬಿಡೋಕೆ ಇದನ್ನ ನೆಪ ಮಾಡ್ಕೋಬೇಡಿ ದಯವಿಟ್ಟು.

ಇನ್ನೊಬ್ಬರ ಮಲದ ಬ್ಯಾಕ್ಟೀರಿಯಾನ ರೋಗಿಗೆ ಹಾಕೋ ಚಿಕಿತ್ಸೆ ಬಗ್ಗೆನೂ ಕೇಳಿರ್ತೀರಿ. ನೆದರ್‌ಲೆಂಡ್ಸಲ್ಲಿ 26 ವರ್ಷದ ಒಬ್ಬಳಿಗೆ ಹಾಗೆ ಮಾಡಿದ್ಮೇಲೆ 36 ವಾರದಲ್ಲಿ ಆರು ಕೆಜಿ ಚಿಲ್ಲರೆ ತೂಕ ಏರ್ತು ಅಂತ 2019ರಲ್ಲಿ ವರದಿಯಾಯ್ತು. ಒಬ್ಬ ರೋಗಿ, ಹೋಲಿಸೋಕೆ ಇನ್ನೊಬ್ಬರಿಲ್ಲ. ಇದರ ಮೇಲೆ ಯಾರೂ ಮನೆ ಕಟ್ಟೋಕಾಗಲ್ಲ.

ಈಗ ಆ ಹೊಟ್ಟೆ ಉಬ್ಬರದ ವಿಷಯಕ್ಕೆ ಬರೋಣ, ಇದು ನಮಗೆ ತುಂಬಾ ಹತ್ತಿರದ್ದು. ಅನೊರೆಕ್ಸಿಯಾ ಅಂದ್ರೆ "ನಾನು ದಪ್ಪ ಇದೀನಿ" ಅನ್ನೋ ಭಯ ಇರ್ಲೇಬೇಕು ಅಂತ ಪಶ್ಚಿಮದ ಪಠ್ಯಗಳು ಹೇಳ್ತಿದ್ವು. 1993ರಲ್ಲಿ ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀ ತಮ್ಮಲ್ಲಿಗೆ ಬಂದಿದ್ದ 70 ರೋಗಿಗಳನ್ನ ನೋಡಿದ್ರೆ 41 ಜನರಿಗೆ ಆ ಭಯಾನೇ ಇರ್ಲಿಲ್ಲ, ಹೊಟ್ಟೆ ಉಬ್ಬರ, ಹಸಿವಿಲ್ಲ ಅಂತಲೇ ಊಟ ಬಿಟ್ಟಿದ್ರು. ಭಾರತದಲ್ಲೂ ದಪ್ಪದ ಮಾತೇ ಎತ್ತದ ರೋಗಿಗಳ ಬಗ್ಗೆ 90ರ ದಶಕದಿಂದ ವರದಿಗಳಿವೆ. ಬೆಂಗಳೂರಿನ ಮನೋವೈದ್ಯರ ನಡುವೆ ಒಂದು ಸಮೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದ್ರು, ಅದರಲ್ಲಿ ಮೂರನೇ ಎರಡು ಭಾಗದಷ್ಟು ವೈದ್ಯರು ಒಂದಾದ್ರೂ ಈಟಿಂಗ್ ಡಿಸಾರ್ಡರ್ ಕೇಸ್ ನೋಡಿದೀವಿ ಅಂದ್ರು. ಅಂದ್ರೆ ಇದು ಬರೀ ಫಾರಿನ್ ಕಾಯಿಲೆ, ನಮ್ಮಲ್ಲಿ ಇಲ್ಲ ಅನ್ನೋ ಮಾತು ಯಾವಾಗಲೋ ಸವೆದು ಹೋಗಿದೆ.

ಉಬ್ಬರ ಅನ್ನೋ ಹುಡುಗಿ ಸುಳ್ಳು ಹೇಳ್ತಿರಲ್ಲ. ವಾರಗಟ್ಟಲೆ ಕಮ್ಮಿ ತಿಂದ್ರೆ ಜಠರ ಖಾಲಿಯಾಗೋದೇ ನಿಧಾನ ಆಗುತ್ತೆ, ಕರುಳಿನ ಸ್ನಾಯು ಕೂಡ ಸೊರಗುತ್ತೆ, ಮಲ ಕಟ್ಟುತ್ತೆ, ಮೀಥೇನ್ ಮಾಡೋವು ಹೆಚ್ಚಾಗಿ ಇನ್ನಷ್ಟು ಕಟ್ಟುತ್ತೆ, ನಾಲ್ಕು ತುತ್ತಿಗೇ ಹೊಟ್ಟೆ ಬಿಗಿಯುತ್ತೆ. ಬಿಗೀತು ಅಂತ ಇನ್ನೂ ಕಮ್ಮಿ ತಿಂತಾಳೆ. ಈ ಸುತ್ತನ್ನ ಮುರಿಯೋಕೆ ಇವತ್ತಿನವರೆಗೂ ಸಿಕ್ಕಿರೋ ಮದ್ದು ಊಟಾನೇ: ಹೊತ್ತುಹೊತ್ತಿಗೆ, ಸ್ವಲ್ಪ ಸ್ವಲ್ಪ ಏರಿಸ್ತಾ, ಉಬ್ಬರ ಇದ್ರೂ ನಿಲ್ಲಿಸ್ದೆ. ಜಠರದ ವೇಗ ಕೆಲವು ವಾರಗಳಲ್ಲಿ ಸುಧಾರಿಸುತ್ತೆ, ಕರುಳಿನ ಒಳಗಿನ ಸಂಸಾರ ಸರಿಹೋಗೋಕೆ ಟ್ಯೂಬಿಂಗನ್‌ನವರು ನೋಡಿದ ಹಾಗೆ ಅದಕ್ಕಿಂತ ತುಂಬಾ ಹೆಚ್ಚು ಹೊತ್ತು ಹಿಡಿಯುತ್ತೆ. ಇದನ್ನ ಮೊದಲೇ ಹೇಳಿದ್ರೆ ರೋಗಿಗೂ ಮನೆಯವರಿಗೂ ಅರ್ಧ ಭಯ ಹೋಗುತ್ತೆ, ನನ್ನ ಮಟ್ಟಿಗೆ ಈ ಎಲ್ಲಾ ಬ್ಯಾಕ್ಟೀರಿಯಾ ಸಂಶೋಧನೆಯಿಂದ ಸದ್ಯಕ್ಕೆ ಸಿಕ್ಕಿರೋ ಅತಿ ದೊಡ್ಡ ಉಪಯೋಗ ಇದೇ. ತೂಕ ತುಂಬಾ ಇಳಿದಿದ್ರೆ ಮಾತ್ರ ಮನೇಲೇ ಒಮ್ಮೆಗೇ ತಟ್ಟೆ ತುಂಬ ತಿನ್ನಿಸೋಕೆ ಹೋಗ್ಬೇಡಿ, ರಕ್ತದಲ್ಲಿ ಫಾಸ್ಫೇಟ್ ದಿಢೀರ್ ಕುಸಿದು ಜೀವಕ್ಕೇ ಅಪಾಯ ಆಗ್ಬಹುದು, ಅದಕ್ಕೆ ಆಸ್ಪತ್ರೇಲಿ ರಕ್ತ ಪರೀಕ್ಷೆ ಮಾಡ್ತಾ ಏರಿಸ್ಬೇಕು. ಹದಿಹರೆಯದವರಿಗೆ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೇಲಿ ರೂಪುಗೊಂಡ, ಅಪ್ಪ ಅಮ್ಮಾನೇ ಊಟದ ಹೊಣೆ ತಗೊಂಡು ಜೊತೇಲಿ ಕೂತು ತಿನ್ನಿಸೋ ಕ್ರಮಕ್ಕೆ ಒಳ್ಳೇ ಪುರಾವೆ ಇದೆ.

ಪ್ರೋಬಯಾಟಿಕ್? ಮಜ್ಜಿಗೆ ಕುಡೀರಿ, ಅಂಬಲಿ ಕುಡೀರಿ, ದೋಸೆ ತಿನ್ನಿ, ಇವೆಲ್ಲ ಊಟ, ಒಳ್ಳೇ ಊಟ. ಆದರೆ ದೋಸೆ ಹಿಟ್ಟಿನ ಬ್ಯಾಕ್ಟೀರಿಯಾ ಕಾವಲಿ ಮೇಲೇ ಸತ್ತಿರುತ್ತೆ, ಅದರಿಂದ ಗಟ್ ರಿಪೇರಿ ಆಗುತ್ತೆ ಅಂತ ಹೇಳೋರು ಸ್ವಲ್ಪ ಉಸಿರು ತಗೋಬೇಕು. ಅನೊರೆಕ್ಸಿಯಾ ವಾಸಿ ಮಾಡುತ್ತೆ ಅಂತ ಒಪ್ಪಿಗೆ ಪಡೆದ ಪ್ರೋಬಯಾಟಿಕ್ ಒಂದೂ ಇಲ್ಲ. ಮನೆಗೇ ಕಿಟ್ ಕಳಿಸಿ ಸಾವಿರಾರು ರೂಪಾಯಿ ತಗೊಂಡು ಮಲ ಪರೀಕ್ಷೆ ಮಾಡಿ "ನಿಮಗೆ ಈ ಇಪ್ಪತ್ತು ಪದಾರ್ಥ ಆಗಲ್ಲ" ಅಂತ ಬಣ್ಣಬಣ್ಣದ ರಿಪೋರ್ಟ್ ಕೊಡೋರ ಬಗ್ಗೆ ನನಗೆ ನಿಜವಾಗ್ಲೂ ಸಿಟ್ಟಿದೆ. 2024ರ ಕೊನೇಲಿ ಹಲವು ದೇಶದ ತಜ್ಞರು ಸೇರಿ ಇಂಥ ಪರೀಕ್ಷೆಯನ್ನ ಮಾಮೂಲಿ ಚಿಕಿತ್ಸೇಲಿ ಬಳಸೋಕೆ ಸಾಕಷ್ಟು ಪುರಾವೆ ಇಲ್ಲ ಅಂದಿದಾರೆ. ಬೇರೆಯವರಿಗೆ ಅದು ದುಡ್ಡು ದಂಡ ಅಷ್ಟೇ, ಊಟ ಬಿಡೋ ಕಾಯಿಲೆ ಇರೋರ ಕೈಗೆ ಅಂಥ ಪಟ್ಟಿ ಸಿಕ್ರೆ ಅವರು ಅದನ್ನ ಚಾಚೂ ತಪ್ಪದೆ ಪಾಲಿಸ್ತಾರೆ.

ಹೊಟ್ಟೆ ಡಾಕ್ಟ್ರು, ಫ್ಯಾಮಿಲಿ ಡಾಕ್ಟ್ರು ಕೇಳ್ಬಹುದಾದ ಐದು ಪ್ರಶ್ನೆ 1999ರಿಂದಲೇ ಇವೆ, ಬ್ರಿಟನ್ನಿನಲ್ಲಿ ಮಾಡಿದ್ದು: ಹೊಟ್ಟೆ ಜಾಸ್ತಿ ತುಂಬ್ತು ಅಂತ ಬೇಕಂತಲೇ ವಾಂತಿ ಮಾಡ್ಕೋತೀಯಾ, ಎಷ್ಟು ತಿಂತೀನಿ ಅನ್ನೋದು ಕೈಮೀರಿದೆ ಅನ್ಸುತ್ತಾ, ಮೂರು ತಿಂಗಳಲ್ಲಿ ಆರು ಕೆಜಿಗಿಂತ ಜಾಸ್ತಿ ಇಳಿದಿದೀಯಾ, ಬೇರೆಯವರು ಸಣ್ಣ ಅಂದ್ರೂ ನಿನಗೆ ದಪ್ಪ ಅನ್ಸುತ್ತಾ, ಊಟದ ಯೋಚನೇನೇ ಇಡೀ ದಿನ ತಿಂದ್ಹಾಕುತ್ತಾ. ಎರಡಕ್ಕೆ ಹೌದು ಅಂದ್ರೂ ಮುಂದೆ ನೋಡ್ಬೇಕು. ನಮ್ಮ ಉಬ್ಬರದ ಹುಡುಗಿ ನಾಲ್ಕನೇದಕ್ಕೆ ಇಲ್ಲ ಅನ್ನೋ ಸಾಧ್ಯತೆ ಜಾಸ್ತಿ, ಹಾಗಾಗಿ ಅವಳ ಹಳೇ ತೂಕ ಎಷ್ಟಿತ್ತು, ಮುಟ್ಟು ನಿಂತಿದ್ಯಾ, ಚಳಿ ಜಾಸ್ತಿ ಆಗ್ತಿದ್ಯಾ ಅಂತಾನೂ ಕೇಳಿ, ಎಂಡೋಸ್ಕೋಪಿಗೆ ಬರೆಯೋಕೆ ಮುಂಚೆನೇ. ಎಲ್ಲಿಗೆ ಹೋಗೋದು ಗೊತ್ತಾಗ್ದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡ್ಬೇಕಾಗಿಲ್ಲ.